ಮಾಜಿ ಸೈನಿಕರ ಕೊನೆಯ ಸೆಲ್ಯೂಟ್



ನಮ್ಮ ಓಣಿಯ ಮಿಲಿಟರಿ ಮುತ್ಯಾ ತೀರಿಕೊಂಡ ಮೇಲೆ ನಮ್ಮ ಏಳನೇ ತರಗತಿಯೊಳಗ ಎರಡು ದಿನ ಬರೀ ಅದೇ ವಾದ ನಡೆದಿತ್ತು. "ಮಿಲಿಟರಿಯವರು ಸತ್ತರ ಗುಂಡು ಹಾರಸ್ತಾರ, ಮುತ್ಯಾಗ ಯಾಕ ಹಾರಿಸಲಿಲ್ಲ?" ಅಂತ ಒಬ್ಬ. "ಧ್ವಜಾನೂ ಹೊದಿಸಲಿಲ್ಲ, ಅವರು ಖರೇ ಸೈನಿಕರು ಹೌದೋ ಅಲ್ಲೋ" ಅಂತ ಇನ್ನೊಬ್ಬ. ಆ ಎರಡನೇ ಮಾತು ಮುತ್ಯಾನ ಮೊಮ್ಮಗಳ ಕಿವಿಗೂ ಬಿತ್ತು. ಆಕೆ ನಮ್ಮ ಶಾಲೆಯಲ್ಲೇ ಐದನೇ ತರಗತಿ ಓದುತ್ತಾಳೆ. ಆದ್ದರಿಂದ ಈ ವಿಷಯವನ್ನು ನಾನು ಸುಬೇದಾರ ಕಾಕಾನ ಹತ್ತಿರ ಕೇಳಿ, ಗುರುಗಳ ಹತ್ತಿರ ಕೇಳಿ, ಪುಸ್ತಕ ಪೇಪರ್ ನೋಡಿ ಈ ಸಲದ ಗೋಡೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಿದೆ. ಅಕ್ಷರ ಸಣ್ಣದಾಗಿದ್ದರೆ ಸಮೀಪ ನಿಂತು ಓದಿರಿ.

ಮೊದಲು ಗುಂಡು ಹಾರಿಸುವ ಗೌರವದ ವಿಷಯ. ಇದು ಪೂರ್ತಿ ಸೇನಾ ಗೌರವ. ನೌಕರಿಯಲ್ಲಿ ಇರುವಾಗಲೇ ಸೈನಿಕ ಮಡಿದರೆ ಇದು ಸಿಗುತ್ತದೆ. ನಮ್ಮ ಭಾಗದವರು ಯಾರೂ ಮರೆಯದ ಉದಾಹರಣೆ ಅಂದರೆ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಅವರು ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನವರು, ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಸೈನಿಕರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19 ಸಾವಿರ ಅಡಿಗಿಂತ ಮೇಲಿನ ಠಾಣ್ಯದ ಮೇಲೆ ಹಿಮ ಕುಸಿದು ಬಿತ್ತು. ಹತ್ತು ಜನ ಒಳಗೆ ಸಿಕ್ಕರು. ಆರು ದಿನ ಆದ ಮೇಲೆ ಹಿಮ ಕಡಿದು ತೆಗೆದಾಗ ಸುಮಾರು 25 ಅಡಿ ಕೆಳಗೆ ಹನುಮಂತಪ್ಪ ಇನ್ನೂ ಉಸಿರಾಡುತ್ತಿದ್ದರು. ದೇಶದ ತುಂಬ ಜನ ಪೂಜೆ ಮಾಡಿಸಿದರು, ದುವಾ ಮಾಡಿದರು. ಆದರೂ ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುದಿನ ಹುಬ್ಬಳ್ಳಿಯಲ್ಲಿ ಜನರ ದರ್ಶನಕ್ಕೆ ಇಟ್ಟು, ಆಮೇಲೆ ಅವರ ಊರಿಗೇ ಒಯ್ದು ಮಣ್ಣು ಮಾಡಿದರು. ಅವತ್ತು ಸೇನೆಯವರು ಮಾಡಿದ ಗೌರವವನ್ನು ಟೀವಿಯಲ್ಲಿ ಇಡೀ ಕರ್ನಾಟಕ ನೋಡಿತು. ನಮ್ಮ ಅವ್ವ ಈಗಲೂ ಅದನ್ನು ನೆನೆಸಿ ಕಣ್ಣು ಒರೆಸಿಕೊಳ್ಳುತ್ತಾಳೆ.

ಈ ಗೌರವದಲ್ಲಿ ಏನೇನು ಇರುತ್ತದೆ? ಪೆಟ್ಟಿಗೆಯ ಮೇಲೆ ರಾಷ್ಟ್ರಧ್ವಜ ಹೊದಿಸುತ್ತಾರೆ. ಕೇಸರಿ ಬಣ್ಣ ತಲೆಯ ಕಡೆಗೆ ಬರಬೇಕು. ಅಧಿಕಾರಿಗಳು ಹೂವಿನ ಚಕ್ರ ತಂದು ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ಸೆಲ್ಯೂಟ್ ಮಾಡುತ್ತಾರೆ. ಆಮೇಲೆ ಬಂದೂಕಿನ ದಳ. ನಮ್ಮ ಪೀಟಿ ಸರ್ "ಸಾವಧಾನ್, ವಿಶ್ರಾಮ್" ಅಂತ ಹಿಂದಿಯಲ್ಲಿ ಹೇಳುತ್ತಾರಲ್ಲ, ಹಂಗೇ ಅಲ್ಲಿಯೂ ಹಿಂದಿಯಲ್ಲೇ ಆಜ್ಞೆ. "ಸಲಾಮಿ ಶಸ್ತ್ರ" ಅಂದರೆ ಬಂದೂಕನ್ನು ಎದೆಯ ಮುಂದೆ ನೆಟ್ಟಗೆ ಹಿಡಿಯುವುದು. "ಶೋಕ ಶಸ್ತ್ರ" ಅಂದರೆ ಬಂದೂಕನ್ನು ತಿರುವಿ, ನಳಿಗೆಯ ಬಾಯಿಯನ್ನು ಬೂಟಿನ ಮೇಲೆ ಇಟ್ಟು, ಹಿಡಿಕೆಯ ಮೇಲೆ ಕೈ ಇಟ್ಟು ತಲೆ ಬಗ್ಗಿಸಿ ನಿಲ್ಲುವುದು. ಬಂದೂಕಿನ ಬಾಯಿ ನೆಲಕ್ಕೆ ಮಾಡಿದರೆ "ಈಗ ಯಾರ ಮೇಲೂ ಹೊಡೆಯಾಂಗಿಲ್ಲ, ಈಗ ದುಃಖದ ಹೊತ್ತು" ಅಂತ ಅರ್ಥ ಎಂದು ಕಾಕಾ ಹೇಳಿದರು.

ಗುಂಡು ಮೂರು ಸಲ ಹಾರಿಸುತ್ತಾರೆ. ಇದರಲ್ಲಿ ಸೀಸದ ಗುಂಡು ಇರುವುದಿಲ್ಲ, ಬರೀ ಮದ್ದು ಇರುತ್ತದೆ. ಸಪ್ಪಳ ಮಾತ್ರ. ಮೂರೇ ಸಲ ಯಾಕೆ? ಹಿಂದಿನ ಕಾಲದಲ್ಲಿ ಯುರೋಪಿನ ಯುದ್ಧಗಳಲ್ಲಿ ಎರಡೂ ಕಡೆಯವರು ನಡುವೆ ಯುದ್ಧ ನಿಲ್ಲಿಸಿ ತಮ್ಮ ತಮ್ಮ ಹೆಣಗಳನ್ನು ಎತ್ತಿಕೊಂಡು ಹೋಗುತ್ತಿದ್ದರಂತೆ. ಎತ್ತಿದ್ದು ಮುಗಿಯಿತು ಅಂತ ತಿಳಿಸಲು ಮೂರು ಸಲ ಗುಂಡು ಹಾರಿಸುತ್ತಿದ್ದರು. ಅದೇ ಮುಂದೆ ಅಂತ್ಯಸಂಸ್ಕಾರದ ಪದ್ಧತಿ ಆಯಿತು ಅಂತ ಹೇಳುತ್ತಾರೆ. 21 ತೋಪಿನ ಸಲಾಮಿ ಅಂದರೆ ಇದು ಅಲ್ಲ, ಅದು ಫಿರಂಗಿಯದು. ನಮ್ಮ ತರಗತಿಯಲ್ಲಿ ಇವೆರಡನ್ನೂ ಒಂದೇ ಅಂತ ವಾದ ಮಾಡಿದವರು ಇದನ್ನು ಎರಡು ಸಲ ಓದಬೇಕು.

ಕಡೆಗೆ ಬ್ಯೂಗಲ್. ಅದರಲ್ಲಿ ನುಡಿಸುವ ಧಾಟಿಗೆ "ಲಾಸ್ಟ್ ಪೋಸ್ಟ್" ಅಂತ ಹೆಸರು. ಇದು ಮೊದಲು ಸಾವಿನ ಧಾಟಿಯೇ ಅಲ್ಲ! ಬ್ರಿಟಿಷರ ಸೈನ್ಯದಲ್ಲಿ ರಾತ್ರಿ ಪಹರೆಯವರ ಠಾಣ್ಯಗಳನ್ನೆಲ್ಲ ಒಬ್ಬ ಅಧಿಕಾರಿ ನೋಡುತ್ತ ಹೋಗುತ್ತಿದ್ದ. ಕಡೆಯ ಠಾಣ್ಯ ನೋಡಿದ್ದು ಮುಗಿದಾಗ ಈ ಬ್ಯೂಗಲ್ ಊದುತ್ತಿದ್ದರು. ಅಂದರೆ "ಇವತ್ತಿನ ಕೆಲಸ ಮುಗಿಯಿತು, ಎಲ್ಲರೂ ಮಲಗಿರಿ" ಅಂತ. ಸತ್ತ ಸೈನಿಕನಿಗೂ ಅದನ್ನೇ ಹೇಳುವುದು. ಅದಾದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಮುಂಜಾನೆ ಎಬ್ಬಿಸುವ ಧಾಟಿಯನ್ನು ಊದುತ್ತಾರೆ. ಇದು ನನಗೆ ಬಹಳ ಸೇರಿತು.

ಇನ್ನು ಪೊಲೀಸರ ಗೌರವ ಬೇರೆ. 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು ಲಿಂಗೈಕ್ಯರಾದರು. ಅವರ ಪಾರ್ಥಿವ ಶರೀರವನ್ನು ಸೈನಿಕ ಶಾಲೆಯ ಮೈದಾನದಲ್ಲಿ ದರ್ಶನಕ್ಕೆ ಇಟ್ಟಿದ್ದರು. ನಮ್ಮ ಊರಿಂದಲೂ ಟ್ರ್ಯಾಕ್ಟರ್, ಟಂಟಂ ತುಂಬಿಕೊಂಡು ಜನ ಹೋಗಿದ್ದರು. ಅಲ್ಲಿ ಸೈನಿಕ ಶಾಲೆ ಅಂತ ಹೆಸರು ಇದ್ದುದಕ್ಕೆ ಕೆಲವರು ಅದನ್ನು ಮಿಲಿಟರಿ ಗೌರವ ಅಂದುಕೊಂಡಿದ್ದಾರೆ. ಅದು ರಾಜ್ಯ ಸರ್ಕಾರದ ಗೌರವ. ಸರ್ಕಾರ ಆದೇಶ ಮಾಡುತ್ತದೆ, ಪೊಲೀಸರು ಬಂದು ಆಕಾಶಕ್ಕೆ ಗುಂಡು ಹಾರಿಸುತ್ತಾರೆ. ದೊಡ್ಡ ಸಾಹಿತಿಗಳಿಗೆ, ಮಂತ್ರಿಗಳಿಗೆ, ಸ್ವಾಮಿಗಳಿಗೆ ಹೀಗೆ ಮಾಡುವುದುಂಟು.

ಹಂಗಾದರೆ ನೌಕರಿ ಮುಗಿಸಿ, ಪಿಂಚಣಿ ತಗೊಂಡು, ಊರಿಗೆ ಬಂದು ಹೊಲ ಮಾಡಿಕೊಂಡಿದ್ದು ಮುಪ್ಪಿನಲ್ಲಿ ಸತ್ತವರಿಗೆ? ಇಲ್ಲೇ ನಮ್ಮ ವಾದದ ಗಂಟು ಇರುವುದು.

ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1993ರ ಮೇ 15ರಂದು ತೀರಿಕೊಂಡರು. ಆಗ ಅವರಿಗೆ 94 ವರ್ಷ. ಮಡಿಕೇರಿಯಲ್ಲಿ ಪೂರ್ಣ ಸೇನಾ ಗೌರವ ಆಯಿತು, ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಸ್ವತಃ ಬಂದಿದ್ದರು. ಆದರೆ ಫೀಲ್ಡ್ ಮಾರ್ಷಲ್ ಅನ್ನುವವರಿಗೆ ನಿವೃತ್ತಿಯೇ ಇಲ್ಲ, ಸಾಯುವ ತನಕ ಸೇನೆಯವರೇ. ದೊಡ್ಡ ಶೌರ್ಯ ಪದಕ ಪಡೆದವರ ಮಾತೂ ಬೇರೆ. ನಮ್ಮ ಮುತ್ಯಾನಂಥ ಹವಾಲ್ದಾರರು ದೇಶದಲ್ಲಿ ಲಕ್ಷಗಟ್ಟಲೆ ಇದ್ದಾರೆ. ಊರೂರಿಗೆ, ಅದೂ ಒಂದೇ ದಿನದಲ್ಲಿ, ಬಂದೂಕಿನ ದಳ ಎಲ್ಲಿಂದ ಬರಬೇಕು? ನಮಗೆ ಸಮೀಪದ ದೊಡ್ಡ ಸೇನಾ ಕೇಂದ್ರ ಅಂದರೆ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ. ಅಲ್ಲಿಂದ ಬರುವಷ್ಟರಲ್ಲಿ ನಮ್ಮಲ್ಲಿ ಮಣ್ಣು ಮಾಡಿ ಜಳಕಾ ಮಾಡಿ ಮನೆಗೆ ಬಂದಿರುತ್ತಾರೆ. ಹೀಗಾಗಿ ಆ ಕೆಲಸವನ್ನು ಸುತ್ತಲಿನ ಮಾಜಿ ಸೈನಿಕರೇ ತಮ್ಮ ಖುಷಿಯಿಂದ ಮಾಡುತ್ತಾರೆ. ಅವರಿಗೆ ಯಾರೂ ಪಗಾರ ಕೊಡುವುದಿಲ್ಲ, ಪೆಟ್ರೋಲ್ ಸಹ ಅವರದೇ.

ಮುತ್ಯಾ ತೀರಿಕೊಂಡ ದಿನ ಮುಂಜಾನೆ ಏಳಕ್ಕೆ ಸುಬೇದಾರ ಕಾಕಾ ತಮ್ಮ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದರು. ಹನ್ನೊಂದರ ಒಳಗೆ ನಿಡಗುಂದಿ, ಬಾಗೇವಾಡಿ, ಆಲಮಟ್ಟಿ ಕಡೆಯಿಂದ ಆರು ಮಂದಿ ಬೈಕಿನ ಮೇಲೆ ಬಂದರು. ಇಬ್ಬರ ತಲೆ ಪೂರ್ತಿ ಬೆಳ್ಳಗಾಗಿತ್ತು. ಒಬ್ಬರಿಗೆ ಮೊಣಕಾಲು ಬಾಗುತ್ತಿರಲಿಲ್ಲ. ನೀಲಿ ಕೋಟು, ಎಡಗಡೆ ಎದೆಗೆ ಪದಕ, ತಲೆಗೆ ಸೇನೆಯ ಟೋಪಿ. ನಾವು ಹುಡುಗರು ಪದಕ ಎಣಿಸುತ್ತಾ ನಿಂತೆವು.

ಆಗ ಓಣಿಯ ಇಬ್ಬರು ಅಣ್ಣಂದಿರು ನಿಡಗುಂದಿಗೆ ಹೋಗಿ ಒಂದು ದೊಡ್ಡ ಧ್ವಜ ತಂದರು. ಮುತ್ಯಾನನ್ನು ವಿಮಾನದಲ್ಲಿ ಕೂಡಿಸಿ ಹೂವು ಕಟ್ಟಿ ಆಗಿತ್ತು. ಮೈಮೇಲೆ ಧ್ವಜ ಹೊದಿಸಬೇಕು ಅಂತ ಅವರು ಹೋದರು. ಕಾಕಾ ಕೈ ಅಡ್ಡ ಹಿಡಿದರು.

"ಬ್ಯಾಡ ತಮ್ಮಾ. ಸೇನಾದವರು ತಾವ ಬಂದು ಮಾಡಿದಾಗ ಹೊದಿಸ್ತಾರ. ನಾವು ಮಾಡೂದು ಹಂಗಲ್ಲ."

ಮುತ್ಯಾನ ಮಗನಿಗೆ ಸಿಟ್ಟು ಬಂತು. "ನಮ್ಮಪ್ಪ ಹದಿನೇಳು ವರ್ಷ ದುಡದಾನ. ಲಡಾಯ್ಯಾಗ ಹೋಗ್ಯಾನ. ಒಂದು ಬಟ್ಟಿ ಹೊದಿಸಾಕ ನಿಮ್ಮದೇನು ಅಡ್ಡಿ?"

ಎಲ್ಲರೂ ಸುಮ್ಮನಾದರು. ಭಜನೆಯವರೂ ತಾಳ ನಿಲ್ಲಿಸಿದರು. ಕಾಕಾ ದನಿ ಏರಿಸಲಿಲ್ಲ. "ಹೌದಪ್ಪಾ, ನಿನ್ನ ಸಿಟ್ಟು ಖರೆ ಐತಿ. ಆದ್ರ ಆ ಬಟ್ಟಿ ಮಣ್ಣಾಗ ಹೋಗಬಾರದು ಅಂತ ನಿಮ್ಮಪ್ಪನ ನಮಗ ಹೇಳಿಕೊಟ್ಟಾನ" ಎಂದರು.

ಇದರ ಕಾನೂನು ಹೀಗಿದೆ. 1971ರಲ್ಲಿ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯುವ ಕಾಯ್ದೆ ಆಯಿತು. 2002ರ ಜನವರಿ 26ರಿಂದ ಭಾರತದ ಧ್ವಜ ಸಂಹಿತೆ ಬಂತು. ಇವುಗಳ ಪ್ರಕಾರ ಧ್ವಜವನ್ನು ಹೊದಿಕೆಯಾಗಿ ಬಳಸುವಂತಿಲ್ಲ. ಸರ್ಕಾರಿ ಗೌರವದ, ಸೇನೆಯ ಮತ್ತು ಅರೆಸೇನಾ ಪಡೆಗಳ ಅಂತ್ಯಸಂಸ್ಕಾರಕ್ಕೆ ಮಾತ್ರ ವಿನಾಯಿತಿ. ಅರೆಸೇನಾ ಪಡೆ ಅಂದರೆ ಸಿಆರ್‌ಪಿಎಫ್, ಬಿಎಸ್‌ಎಫ್ ಇತ್ಯಾದಿ. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ 40 ಜನ ಹುತಾತ್ಮರಾದರಲ್ಲ, ಅವರಲ್ಲಿ ಒಬ್ಬರು ಮಂಡ್ಯ ಜಿಲ್ಲೆ ಗುಡಿಗೆರೆಯ ಗುರು. ಅವರು ಸಿಆರ್‌ಪಿಎಫ್‌ನವರು. ಅವರ ಪೆಟ್ಟಿಗೆಗೂ ಧ್ವಜ ಹೊದಿಸಿದ್ದು ಇದೇ ನಿಯಮದಿಂದ. ಹೊದಿಸಿದ ಧ್ವಜವನ್ನೂ ಕುಣಿಯೊಳಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ಮೊದಲೇ ತೆಗೆದು ಮಡಿಚಿ ಮನೆಯವರ ಕೈಗೆ ಕೊಡುತ್ತಾರೆ. ತಪ್ಪಿ ನಡೆದು ಧ್ವಜಕ್ಕೆ ಅಪಮಾನ ಮಾಡಿದರೆ ಮೂರು ವರ್ಷದ ತನಕ ಜೈಲು ಅಂತ ಕಾಯ್ದೆಯಲ್ಲಿ ಇದೆ.

ಆದರೆ ಹೊದಿಸಬಾರದು ಅಂದರೆ ಧ್ವಜ ತರಲೇಬಾರದು ಅಂತ ಅಲ್ಲ. ಮೆರವಣಿಗೆಯಲ್ಲಿ ಕೋಲಿಗೆ ಕಟ್ಟಿ ನೆಟ್ಟಗೆ ಹಿಡಿದು ಮುಂದೆ ನಡೆಯಬಹುದು. ಕಾಕಾ ಹಂಗೇ ಮಾಡಿಸಿದರು. ಧ್ವಜ ಹಿಡಿಯುವ ಕೆಲಸವನ್ನು ಸಿಟ್ಟಿಗೆದ್ದಿದ್ದ ಮಗನ ಕಡೆಯವರಿಗೆ ಕೊಡಲಿಲ್ಲ, ಮೊಣಕಾಲು ಬಾಗದ ಆ ಸೈನಿಕರಿಗೆ ಕೊಟ್ಟರು. ಅವರು ಕುಂಟುತ್ತಲೇ ಹೊಲದ ತನಕ ನಡೆದರು, ಕೋಲು ಮಾತ್ರ ಒಂದಿಷ್ಟೂ ವಾಲಲಿಲ್ಲ.

ಮುತ್ಯಾನ ಪದಕಗಳು ಟ್ರಂಕಿನಲ್ಲಿ ಹಳೆಯ ಕರವಸ್ತ್ರದಲ್ಲಿ ಸುತ್ತಿ ಇದ್ದವು. ಆಯಿ ತಂದುಕೊಟ್ಟಳು. ಒಂದು ಸಣ್ಣ ತಲೆದಿಂಬಿಗೆ ಚುಚ್ಚಿ ವಿಮಾನದ ಮುಂದೆ ಇಟ್ಟರು. ಅದರಲ್ಲಿ ಒಂದು ಸಂಗ್ರಾಮ ಮೆಡಲ್, ಇನ್ನೊಂದು ಪಶ್ಚಿಮಿ ಸ್ಟಾರ್. 1971ರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್, ಬಾಂಗ್ಲಾದ ಕಡೆ ಇದ್ದವರಿಗೆ ಪೂರ್ವಿ ಸ್ಟಾರ್ ಕೊಟ್ಟರು. ಇದನ್ನು ಕಾಕಾ ಎಲ್ಲರಿಗೂ ಕೇಳುವಂತೆ ಜೋರಾಗಿ ಹೇಳಿದರು. ಮುತ್ಯಾ ಖರೇ ಸೈನಿಕನೋ ಅಲ್ಲೋ ಅಂದವನು ಇದನ್ನು ಬೇಕಾದರೆ ಹೋಗಿ ನೋಡಿ ಬರಬಹುದು, ಪದಕದ ಅಂಚಿನ ಮೇಲೆ ನಂಬರು, ಹೆಸರು ಕೊರೆದಿದೆ.

ಹೊಲದಲ್ಲಿ ಕುಣಿಯ ಎದುರು ಎರಡು ಸಾಲು ನಿಂತರು. "ಸಾವಧಾನ್!" ಅಂದಾಗ ನಮ್ಮ ಹುಡುಗರೂ ತಾವಾಗಿಯೇ ಕೈ ಕೆಳಗೆ ಬಿಟ್ಟು ನೆಟ್ಟಗಾದರು. ಒಬ್ಬೊಬ್ಬರೇ ಹೂವು ಇಟ್ಟು ಸೆಲ್ಯೂಟ್ ಮಾಡಿದರು. ಒಬ್ಬರು ಮಾತ್ರ ಕೈ ಎತ್ತದೆ ಸುಮ್ಮನೆ ನಿಂತರು. ಅವರು ಗಡಿಬಿಡಿಯಲ್ಲಿ ಟೋಪಿ ಬಿಟ್ಟು ಬಂದಿದ್ದರು. ತಲೆಯ ಮೇಲೆ ಟೋಪಿ ಇಲ್ಲದೆ ಕೈ ಎತ್ತಿ ಸೆಲ್ಯೂಟ್ ಹೊಡೆಯುವುದು ನಮ್ಮ ಸೇನೆಯ ಪದ್ಧತಿ ಅಲ್ಲವಂತೆ. ಇನ್ನೊಂದು ಮಜಾ ಇದೆ, ಕೈ ನೋಡಿಯೇ ಯಾವ ಪಡೆಯವರು ಅಂತ ಗೊತ್ತು ಹಿಡಿಯಬಹುದು. ಭೂಸೇನೆಯವರದು ಅಂಗೈ ಎದುರಿನವರಿಗೆ ಪೂರ್ತಿ ಕಾಣುತ್ತದೆ. ನೌಕಾಪಡೆಯವರದು ಅಂಗೈ ನೆಲದ ಕಡೆಗೆ. ವಾಯುಪಡೆಯವರದು ಎರಡರ ನಡುವೆ ಓರೆಯಾಗಿ, ಅದು 2006ರಿಂದ ಬಂದ ಪದ್ಧತಿ. ಆರು ಮಂದಿಯಲ್ಲಿ ಒಬ್ಬರದು ಓರೆ ಕೈ ಇತ್ತು!

ಬ್ಯೂಗಲ್ ಊದುವವರು ಯಾರೂ ಇರಲಿಲ್ಲ. ಕಾಕಾನ ಮೊಬೈಲಿನಲ್ಲಿ ಲಾಸ್ಟ್ ಪೋಸ್ಟ್ ಇತ್ತು. ಅದನ್ನು ಭಜನಾ ಮೇಳದ ಮೈಕಿಗೆ ಹಚ್ಚಿದರು. ಹಚ್ಚುವ ಮೊದಲು ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿದರು. ಹಿಂದೆ ಒಂದು ಊರಿನಲ್ಲಿ ನಟ್ಟನಡುವೆ ಫೋನ್ ಬಂದು ಸಿನಿಮಾ ಹಾಡು ಬಾರಿಸಿತ್ತಂತೆ, ಅಂದಿನಿಂದ ಈ ಎಚ್ಚರ. ಮೊಬೈಲಿನ ಬ್ಯೂಗಲ್ ಅಂತ ಕೆಲವರು ನಕ್ಕರು. ನಗುವಂಥದ್ದು ಏನೂ ಇಲ್ಲ, ಮುಂದೆ ಓದಿರಿ.

ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಸೈನಿಕರು ಮುದುಕರಾಗಿ 2000ನೇ ಇಸವಿಯ ಹೊತ್ತಿಗೆ ದಿನಕ್ಕೆ ಸಾವಿರಕ್ಕಿಂತ ಹೆಚ್ಚು ಮಂದಿ ತೀರಿಕೊಳ್ಳುತ್ತಿದ್ದರು. ಅಲ್ಲಿ 2000ದ ಜನವರಿಯಿಂದ ಒಂದು ಕಾನೂನು ಬಂತು: ಮನೆಯವರು ಕೇಳಿದರೆ ಪ್ರತಿಯೊಬ್ಬ ಮಾಜಿ ಸೈನಿಕನ ಅಂತ್ಯಸಂಸ್ಕಾರಕ್ಕೆ ಕನಿಷ್ಠ ಇಬ್ಬರು ಸೈನಿಕರು ಬರಬೇಕು, ಧ್ವಜ ಮಡಿಚಿ ಕೊಡಬೇಕು, ಬ್ಯೂಗಲ್ ನುಡಿಸಬೇಕು. ಆದರೆ ಅಷ್ಟು ಬ್ಯೂಗಲ್ ಊದುವವರು ಅಮೆರಿಕದಲ್ಲಿಯೂ ಇಲ್ಲ! ಅದಕ್ಕೆ ಬ್ಯೂಗಲ್ಲಿನ ಬಾಯಿಯೊಳಗೆ ಸಣ್ಣ ಯಂತ್ರ ಇಟ್ಟು, ಊದಿದಂತೆ ತುಟಿಗೆ ಹಿಡಿದು ನಿಲ್ಲುತ್ತಾರೆ, ಧಾಟಿ ಯಂತ್ರದಿಂದ ಬರುತ್ತದೆ. ನಮ್ಮ ಕಾಕಾ ಮೊಬೈಲನ್ನು ಮರೆಮಾಚದೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು, ನನಗೆ ಇದೇ ಚೊಲೋ ಅನಿಸುತ್ತದೆ. ಅಲ್ಲಿ ಗುಂಡು ಹಾರಿಸುವ ಕೆಲಸವನ್ನು ಬಹಳ ಕಡೆ ಮಾಜಿ ಸೈನಿಕರೇ ಮಾಡುತ್ತಾರೆ. ಮಿನ್ನೆಸೋಟ ರಾಜ್ಯದ ಫೋರ್ಟ್ ಸ್ನೆಲ್ಲಿಂಗ್ ಎಂಬ ಸ್ಮಶಾನದಲ್ಲಿ ಇಂಥ ಸ್ವಯಂಸೇವಕರ ದಳ 1979ರಿಂದ ಇದೆ. ಮಿನ್ನೆಸೋಟದಲ್ಲಿ ಚಳಿಗಾಲ ಅಂದರೆ ಬರೀ ಹಿಮ, ಅದರಲ್ಲೂ ಮುದುಕರು ಸಾಲಾಗಿ ನಿಲ್ಲುತ್ತಾರೆ. ನಮ್ಮಲ್ಲಿ ಮಾಜಿ ಸೈನಿಕರ ಸಂಘಗಳಿಗೆ ಬಂದೂಕು ಇಲ್ಲ. ಹಾಗಾಗಿ ಗುಂಡಿನ ಬದಲು ಎರಡು ನಿಮಿಷ ಮೌನ. ಮುತ್ಯಾಗ ಗುಂಡು ಹಾರಿಸದೇ ಇದ್ದುದಕ್ಕೆ ಕಾರಣ ಇಷ್ಟೇ.

ಬೆಲ್ಜಿಯಂ ದೇಶದಲ್ಲಿ ಈಪರ್ ಅಂತ ಒಂದು ಊರು. ಮೊದಲನೇ ಮಹಾಯುದ್ಧದಲ್ಲಿ ಸತ್ತು ಹೆಣವೂ ಸಿಗದ 54 ಸಾವಿರಕ್ಕಿಂತ ಹೆಚ್ಚು ಸೈನಿಕರ ಹೆಸರುಗಳನ್ನು ಅಲ್ಲಿಯ ಮೆನಿನ್ ಗೇಟ್ ಎಂಬ ದೊಡ್ಡ ಬಾಗಿಲ ಮೇಲೆ ಕೊರೆದಿದ್ದಾರೆ. ಭಾರತದಿಂದ ಹೋದ ಸೈನಿಕರ ಹೆಸರೂ ಅದರಲ್ಲಿವೆ. 1928ರಿಂದ ದಿನಾ ರಾತ್ರಿ ಎಂಟು ಗಂಟೆಗೆ ಅಲ್ಲಿ ಲಾಸ್ಟ್ ಪೋಸ್ಟ್ ಊದುತ್ತಾರೆ. ಎರಡನೇ ಯುದ್ಧದಲ್ಲಿ ಜರ್ಮನರು ಊರು ಹಿಡಿದಾಗ ನಿಂತಿತ್ತು, 1944ರಲ್ಲಿ ಊರು ಬಿಡುಗಡೆ ಆದ ದಿನ ಸಂಜೆಯೇ ಮತ್ತೆ ಶುರು ಮಾಡಿದರು. ಊದುವವರು ಸೈನಿಕರಲ್ಲ, ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕರು.

ಇಷ್ಟು ದೂರದ ಮಾತು ಯಾಕೆ, ನಮ್ಮ ನಾಡಿನ ವೀರಗಲ್ಲು ನೋಡಿರಿ. ಊರ ದನ ಕಾಯಲು, ಊರು ಕಾಯಲು ಹೋಗಿ ಮಡಿದವರಿಗೆ ನಿಲ್ಲಿಸಿದ ಕಲ್ಲು. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಹತ್ತಿರ ವೀರ ಕುಳಿತಿರುವುದು. ಮಂಡ್ಯ ಜಿಲ್ಲೆ ಆತಕೂರಿನ ಕಲ್ಲು ಸುಮಾರು ಕ್ರಿ.ಶ. 950ರದು, ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ್ದು. ಅದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಆದರೆ ಆ ಕಾಲದವರು ಕಲ್ಲು ನಿಲ್ಲಿಸಿ ಸುಮ್ಮನಾಗುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಹೊಲ ಬಿಟ್ಟು ಕೊಡುತ್ತಿದ್ದರು. ಅದಕ್ಕೆ ನೆತ್ತರುಕೊಡಗೆ ಅಂತ ಹೆಸರು. ನೆತ್ತರು ಚೆಲ್ಲಿದ್ದಕ್ಕೆ ಕೊಟ್ಟ ಭೂಮಿ.

ಈಗಿನ ಕಾಲದಲ್ಲಿ ಹೊಲದ ಬದಲು ಕುಟುಂಬ ಪಿಂಚಣಿ. ಇದರ ಬಗ್ಗೆ ಬರೆಯಲೇಬೇಕು.

ಹೊಲದಲ್ಲಿ ಎಲ್ಲ ಮುಗಿದ ಮೇಲೆ ಧ್ವಜವನ್ನು ಮಡಿಚಿದರು. ಕೇಸರಿ ಮತ್ತು ಹಸಿರನ್ನು ಬಿಳಿಯ ಕೆಳಗೆ ಮಡಿಚಿ, ಎರಡೂ ಕಡೆಯಿಂದ ನಡುವಿಗೆ ತಂದು, ಅಶೋಕ ಚಕ್ರ ಮೇಲೆ ಕಾಣುವಂತೆ ಮಾಡುತ್ತಾರೆ. ಮನೆಗೆ ಬಂದು ಕಾಕಾ ಅದನ್ನು ಎರಡು ಅಂಗೈ ಮೇಲೆ ಇಟ್ಟುಕೊಂಡು ಆಯಿಗೆ ಕೊಟ್ಟರು. ಆಯಿ, "ಇದನ್ನ ಎಲ್ಲಿಡಲೋ ಯಪ್ಪಾ?" ಅಂತ ಕೇಳಿದಳು. "ಟ್ರಂಕಿನ್ಯಾಗ, ಪದಕದ ಸಂಗಾಟ ಇಡು ಯವ್ವಾ. ಆ ಟ್ರಂಕಿನ್ಯಾಗ ಇನ್ನೇನೇನು ಐತಿ ನೋಡೂಣು" ಅಂದರು ಕಾಕಾ.

ಟ್ರಂಕಿನಲ್ಲಿ ಮುತ್ಯಾನ ಡಿಸ್ಚಾರ್ಜ್ ಬುಕ್ ಇತ್ತು, ಪಿಂಚಣಿಯ ಆದೇಶದ ಹಾಳೆ ಇತ್ತು. ಸೈನಿಕ ಸತ್ತ ಕೂಡಲೇ ಅವನ ಪಿಂಚಣಿ ನಿಲ್ಲುತ್ತದೆ. ಹೆಂಡತಿಗೆ ಕುಟುಂಬ ಪಿಂಚಣಿ ಶುರು ಆಗಬೇಕಾದರೆ ಮರಣ ಪತ್ರ, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಎಲ್ಲ ಕೊಡಬೇಕು. ಕಾಕಾ ಕನ್ನಡಕ ಹಾಕಿಕೊಂಡು ಡಿಸ್ಚಾರ್ಜ್ ಬುಕ್ ಓದಿದರು. ಅದರಲ್ಲಿ ಆಯಿಯ ಹೆಸರು ಮದುವೆಯಲ್ಲಿ ಇಟ್ಟ ಹೆಸರು. ಆಧಾರಿನಲ್ಲಿ ತವರುಮನೆಯ ಹೆಸರು. ಎರಡೂ ಒಬ್ಬಳೇ ಅಂತ ನಮಗೆ ಗೊತ್ತು, ಕಚೇರಿಯ ಕಾಗದಕ್ಕೆ ಗೊತ್ತಿಲ್ಲ. ಇದು ಸರಿಯಾಗುವ ತನಕ ಪಿಂಚಣಿ ತಡ ಆಗುತ್ತದೆ. ಇಂಥದ್ದು ಬಹಳ ಮನೆಗಳಲ್ಲಿ ಇದೆಯಂತೆ, ಅದಕ್ಕೇ ಮಾಜಿ ಸೈನಿಕರು ಮಣ್ಣಿಗೆ ಬಂದವರು ಕಾಗದ ನೋಡದೆ ಹೋಗುವುದಿಲ್ಲ. ಟೋಪಿ ಬಿಟ್ಟು ಬಂದಿದ್ದರಲ್ಲ, ಅವರಿಗೆ ಈ ಕಾಗದದ ಕೆಲಸ ಚೆನ್ನಾಗಿ ಗೊತ್ತು. ಬರುವ ಸೋಮವಾರ ಅವರು, ಕಾಕಾ ಮತ್ತು ಮುತ್ಯಾನ ಮಗ ಮೂವರೂ ಆಯಿಯನ್ನು ಕರೆದುಕೊಂಡು ವಿಜಯಪುರದ ಸೈನಿಕ ಕಲ್ಯಾಣ ಕಚೇರಿಗೆ ಹೊರಟಿದ್ದಾರೆ. ಧ್ವಜದ ಸಿಟ್ಟು ಅಷ್ಟರಲ್ಲಿ ಇಳಿದಿತ್ತು ಅನ್ನಿ.

ನಮ್ಮ ಶಾಲೆಯಲ್ಲಿ ಮನೆಯೊಳಗೆ ಮಿಲಿಟರಿಯವರು ಇರುವ ಹುಡುಗ ಹುಡುಗಿಯರು ಇದ್ದೀರಿ. ಇವತ್ತು ಸಂಜೆ ಮನೆಗೆ ಹೋದ ಮೇಲೆ ಡಿಸ್ಚಾರ್ಜ್ ಬುಕ್ ತೆಗೆಸಿ, ಅದರಲ್ಲಿರುವ ಅವ್ವನ ಅಥವಾ ಆಯಿಯ ಹೆಸರು, ಹುಟ್ಟಿದ ತಾರೀಖು ಆಧಾರಿನ ಸಂಗಡ ಕೂಡುತ್ತದೆಯೋ ನೋಡಿರಿ. ಕೂಡದಿದ್ದರೆ ಸುಬೇದಾರ ಕಾಕಾ ದಿನಾ ಸಂಜೆ ಐದರ ಮೇಲೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತಿರುತ್ತಾರೆ, ಅಲ್ಲಿಗೆ ಒಯ್ಯಿರಿ.